ಅಭಿಮಾನಿದತ್ತ ಕಲ್ಪನೆಗಳ ಸ್ವಾಮ್ಯನಿರ್ಣಯ: ವೇಮುಲವಾಡದಿಂದ ಸನತ್‌ನಗರದವರೆಗೆ

ಧಾರಾವಾಹಿ ಕಾದಂಬರಿಯ ನಾಯಕಿ ಬಾವಿಗೆ ಹಾರುವ ಸೂಚನೆ ಸಿಕ್ಕಿದೊಡನೆ ಓದುಗನೊಬ್ಬ ಲೇಖಕರಿಗೆ, ‘ಅವಳನ್ನು ಸಾಯಿಸಬೇಡಿ ಸಾರ್, ಒಳಗಿನ ಮೆಟ್ಟಿಲ ಮೇಲೆ ಬೀಳಿಸಿ’ ಎಂದು ಬರೆದನೆನ್ನಿ. ಮುಂದಿನ ವಾರ ನಾಯಕಿ ಮೆಟ್ಟಿಲ ಮೇಲೆಯೇ ಬಿದ್ದು, ಕಾಲು ಉಳುಕಿಸಿಕೊಂಡು ಬದುಕಿದಳು. ಆ ಮೆಟ್ಟಿಲು ಯಾರ ಸ್ವತ್ತು? ರಸ ಎಲ್ಲಿ ಹುಟ್ಟುತ್ತದೆ ಎಂದು ಶತಮಾನಗಟ್ಟಲೆ ವಾದಿಸಿದ ನಮ್ಮ ಆಲಂಕಾರಿಕರು ರಾಯಲ್ಟಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಮುಟ್ಟದೇ ಬಿಟ್ಟಿರುವುದರಿಂದ ಪ್ರಕೃತ ಪ್ರಬಂಧ ಅವಶ್ಯವಾಯಿತು. ಓದುಗನನ್ನು ನಾವು ಹೈದರಾಬಾದಿನ ಸನತ್‌ನಗರದಲ್ಲಿ ಇರಿಸಿದ್ದೇವೆ. ಮನಸ್ಸಿಗೆ ಬಂದಂತೆ ಅಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 62ನೇ ಕಲಮಿನ ಪ್ರಕಾರ ವಾದಿ ತಾನು ವಾಸವಿರುವ ಊರಿನಲ್ಲೇ ದಾವೆ ಹೂಡಬಹುದು; ಬಸವನಗುಡಿಯ ಲೇಖಕರು ರಾತ್ರಿ ರೈಲು ಹಿಡಿದು ಬರಬೇಕಾಗುತ್ತದೆ. ಅಲ್ಲದೆ, ಅಲ್ವಿನ್ ಕಾರ್ಖಾನೆ ಫ್ರಿಜ್ಜು, ಬಸ್ಸಿನ ಬಾಡಿ ತಯಾರಿಸುತ್ತಿದ್ದ ಬಡಾವಣೆ ಅದು. ಫ್ರಿಜ್ಜಿನ ಬಾಗಿಲಿಗೆ ಹೊಸ ಬಗೆಯ ಕೀಲು ಹೊಳೆದವನು ಪೇಟೆಂಟಿಗೆ ಅರ್ಜಿ ಹಾಕಬಹುದು. ನಾಯಕಿಯ ಪ್ರಾಣ ಉಳಿಸುವ ಮೆಟ್ಟಿಲು ಹೊಳೆದವನಿಗೆ ಅರ್ಜಿಯ ನಮೂನೆಯೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕನ್ನಡದಲ್ಲಿ ಈ ಬಗೆಯ ಹಳೆಯ ಪ್ರಕರಣವೊಂದು ನಡೆದದ್ದೂ ಇಂದಿನ ತೆಲಂಗಾಣದಲ್ಲೇ.

ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಸ್ಥಾನದಲ್ಲಿ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದದ್ದು ಸುಮಾರು 941ರಲ್ಲಿ. ಕಥೆಯ ಮೈ ಕೆಡದಂತೆ ಇಡೀ ಭಾರತವನ್ನು ಹೇಳಬಲ್ಲವನು ಪಂಪನೇ ಎಂದು ಪಂಡಿತರು ಬೆನ್ನುಬಿದ್ದರು, ಆದ್ದರಿಂದ ಕಾವ್ಯಕ್ಕೆ ಕೈಹಾಕಿದೆ ಎಂದು ಅವನೇ ಆರಂಭದಲ್ಲಿ ಹೇಳಿಕೊಂಡಿದ್ದಾನೆ. ಕೋರ್ಟಿನ ಭಾಷೆಯಲ್ಲಿ ಇದು ತಪ್ಪೊಪ್ಪಿಗೆ. ಸಲಹೆ ಅಭಿಮಾನಿಗಳದು, ಧರ್ಮಪುರವೆಂಬ ಅಗ್ರಹಾರ ಸಂದದ್ದು ಮಾತ್ರ ಕವಿಗೆ. ಪಂಡಿತರಿಗೆ ಒಂದು ಗುಂಟೆ ಸಿಕ್ಕಿದ್ದನ್ನೂ ಪಂಪ ಹೇಳುವುದಿಲ್ಲ. ಇಷ್ಟಾಗಿಯೂ ಸಾವಿರ ವರ್ಷದಲ್ಲಿ ಒಂದು ನೋಟೀಸು ಬಾರದಿದ್ದರೆ ಅದಕ್ಕೆ ಕವಿಯ ಮುಂದಾಲೋಚನೆಯೇ ಕಾರಣ: ಅವನು ‘ಪಂಡಿತರು’ ಎಂದನೇ ಹೊರತು ಒಬ್ಬರ ಹೆಸರನ್ನೂ ಎತ್ತಲಿಲ್ಲ. ಹೆಸರಿಲ್ಲದ ವಾದಿ ವಕಾಲತ್ತಿಗೆ ಸಹಿ ಹಾಕುವುದೆಂತು? ಋಣವನ್ನು ಬಹುವಚನದಲ್ಲಿ ಒಪ್ಪಿಕೊಂಡು ಫಲವನ್ನು ಏಕವಚನದಲ್ಲಿ ಉಣ್ಣುವ ಈ ಕ್ರಮಕ್ಕೆ ನಾವು ಪಂಪಮಾರ್ಗ ಎಂದು ಹೆಸರಿಟ್ಟಿದ್ದೇವೆ. ‘ಸಲಹೆ ಸೂಚನೆ ನೀಡಿದ ಎಲ್ಲ ಮಿತ್ರರಿಗೂ’ ಎಂದು ಇಂದಿಗೂ ಅರಿಕೆಗಳಲ್ಲಿ ಅಚ್ಚಾಗುವ ಸಾಲು ವಿನಯದ್ದಲ್ಲ, ಈ ಮಾರ್ಗದ್ದು.

ಕಲ್ಪನೆಗೆ ಕೃತಿಸ್ವಾಮ್ಯವೇ ಇಲ್ಲ, ಇಷ್ಟೆಲ್ಲ ಗಾಬರಿ ಏಕೆ ಎಂದು ವಕೀಲರು ಆಕ್ಷೇಪಿಸುತ್ತಾರೆ. ಅವರ ಕೈಯಲ್ಲಿ 1978ರ ಸುಪ್ರೀಂ ಕೋರ್ಟ್ ತೀರ್ಪಿದೆ. ಆರ್.ಜಿ. ಆನಂದ್ ಅವರು ತಮ್ಮ ‘ಹಮ್ ಹಿಂದೂಸ್ತಾನಿ’ ನಾಟಕದಿಂದಲೇ ‘ನ್ಯೂ ದೆಹಲಿ’ ಸಿನಿಮಾ ತೆಗೆದರೆಂದು ದಾವೆ ಹೂಡಿದ್ದರು. ಎರಡರ ವಸ್ತುವೂ ಪ್ರಾಂತಾಭಿಮಾನ. ಆದರೆ ವಸ್ತುವಾಗಲಿ ಕಥೆಯ ಎಳೆಯಾಗಲಿ ಯಾರ ಸ್ವತ್ತೂ ಅಲ್ಲ, ಅದನ್ನು ಹೇಳಿದ ರೀತಿ ಮಾತ್ರ ಸ್ವತ್ತು ಎಂದಿತು ನ್ಯಾಯಪೀಠ. ಈ ಅಳತೆಯಲ್ಲಿ ಪಂಪನೂ ಪಾರು. ಮೈ ಕೆಡಬಾರದೆಂದು ಪಂಡಿತರು ಬಯಸಿದ ಕಥೆಯಲ್ಲಿ ಅವನು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಅಂಥ ಕಾವ್ಯವನ್ನು ತಮ್ಮದೆನ್ನಲು ಪಂಡಿತರೇ ಹಿಂಜರಿದಾರು. ಆದರೆ ಈ ಆಕ್ಷೇಪ ಅಭಿಮಾನಿಯ ಸ್ವಭಾವವನ್ನು ಅರಿಯದ್ದು. ಅವನು ಎಳೆ ಕೊಟ್ಟು ಸುಮ್ಮನಾಗುವುದಿಲ್ಲ. ಪೋಸ್ಟ್ ಕಾರ್ಡಿನಲ್ಲಿ ‘ಮೆಟ್ಟಿಲ ಮೇಲೆ ಬೀಳಿಸಿ’ ಎಂದಷ್ಟೇ ಇದ್ದರೆ ಅದು ಕಲ್ಪನೆ. ಅವನು ಇನ್‌ಲ್ಯಾಂಡ್ ಲೆಟರ್ ಕೊಂಡನೆಂದರೆ ಮೂರು ಮಡಿಕೆಯೂ ತುಂಬುತ್ತದೆ. ಅತ್ತೆಯ ಸಂಭಾಷಣೆ ಅಂಚಿಗೆ ಹರಿಯುತ್ತದೆ, ನಾಯಕಿಯ ಸೀರೆಯ ಬಣ್ಣ ಗೋಂದು ಹಚ್ಚುವ ಜಾಗದಲ್ಲಿ ಬರುತ್ತದೆ. ಅಲ್ಲಿಗೆ ಅದು ಸಾಹಿತ್ಯಕೃತಿ. ಹಕ್ಕು ಬರೆದ ಕ್ಷಣವೇ ಹುಟ್ಟುತ್ತದೆ, ನೋಂದಣಿ ಬೇಡ. ಕಾಗದ ಪಡೆದವರದು, ಒಕ್ಕಣೆ ಕಳಿಸಿದವನದು. ಇದರೊಳಗೆ ಏನನ್ನೂ ಇಡಬೇಡಿ ಎಂದು ಅಂಚೆ ಇಲಾಖೆ ಇನ್‌ಲ್ಯಾಂಡಿನ ಮೇಲೆ ಮೊದಲೇ ಅಚ್ಚುಹಾಕಿಸಿದ್ದು ಇದನ್ನೆಲ್ಲ ಕಂಡೇ ಇರಬೇಕು.

ಹಾಗಾದರೆ ಅಭಿಮಾನಿಯಿಂದ ಒಂದು ಮುಚ್ಚಳಿಕೆ ಬರೆಸಿಕೊಂಡರಾಯಿತು ಎಂಬುದು ಅಮೆರಿಕದ ಪಕ್ಷ. ‘ಬ್ಯಾಬಿಲಾನ್ 5’ ಧಾರಾವಾಹಿಯ ಸ್ಟ್ರಾಝಿನ್‌ಸ್ಕಿ ಬರೆಯಲು ಯೋಚಿಸಿದ್ದ ಕಂತಿಗೆ ಹೋಲುವ ಕಲ್ಪನೆಯನ್ನು ಅಭಿಮಾನಿಯೊಬ್ಬ ಮೊದಲೇ ಹೇಳಿಬಿಟ್ಟ. ತನ್ನ ತಕರಾರಿಲ್ಲವೆಂದು ಆತ ಬರೆದುಕೊಡುವವರೆಗೂ ಆ ಕಂತು ಮೂಲೆಗೆ ಬಿದ್ದಿತ್ತು. ಕೊನೆಗೆ ಪ್ರಸಾರವಾದದ್ದು 1995ರಲ್ಲಿ. ಈ ಉಪಾಯ ಕನ್ನಡದಲ್ಲಿ ನಡೆಯದು. ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರೆಂದು ಘೋಷಿಸಿದ ಮೇಲೆ ಅವರ ಕಾನೂನಿನ ಅಂತಸ್ತೇ ಬದಲಾಗಿದೆ. ನಮ್ಮ ನ್ಯಾಯಾಲಯಗಳ ಪ್ರಕಾರ ದೇವರು ಆಸ್ತಿ ಹೊಂದಬಲ್ಲ ವ್ಯಕ್ತಿ, ಆದರೆ ಸದಾ ಮೈನರ್; ಮೈನರ್ ಮಾಡಿದ ಕರಾರು ಊರ್ಜಿತವಲ್ಲವೆಂದು ಪ್ರಿವಿ ಕೌನ್ಸಿಲ್ 1903ರಷ್ಟು ಹಿಂದೆಯೇ ಮೋಹರಿ ಬೀಬಿ ಪ್ರಕರಣದಲ್ಲಿ ತೀರ್ಮಾನಿಸಿದೆ. ಆದಕಾರಣ ಸನತ್‌ನಗರದ ದೇವರು ಮುಚ್ಚಳಿಕೆಗೆ ಸಹಿ ಹಾಕಿದರೂ ಅದು ರದ್ದಿ. ಅವನ ಪರವಾಗಿ ಅರ್ಚಕರು ಸಹಿ ಹಾಕಬಹುದೇ, ಅಭಿಮಾನಿ ಸಂಘದ ಅಧ್ಯಕ್ಷರನ್ನು ಅರ್ಚಕರೆಂದು ಎಣಿಸಬಹುದೇ ಎಂಬುದು ಪ್ರತ್ಯೇಕ ಸಂಶೋಧನೆಗೆ ಯೋಗ್ಯ ವಿಷಯ.

ಅವಧಿಯಾದರೂ ಲೇಖಕರನ್ನು ಕಾಪಾಡೀತು ಎಂದು ಕೆಲವರ ಆಸೆ. ಕೃತಿಸ್ವಾಮ್ಯ ಕರ್ತೃ ತೀರಿಕೊಂಡ 60 ವರ್ಷಕ್ಕೆ ಮುಗಿಯುತ್ತದಲ್ಲ. ಆದರೆ ದೇವರಿಗೆ ಸಾವಿಲ್ಲ, ಆ ಎಣಿಕೆ ಶುರುವಾಗುವುದೇ ಇಲ್ಲ. ಇಲ್ಲಿ ಕುಮಾರವ್ಯಾಸನ ಸ್ಥಿತಿಯಂತೂ ಚಿಂತಾಜನಕ. ಕವಿ ವೀರನಾರಾಯಣ, ತಾನು ಬರೀ ಲಿಪಿಕಾರ ಎಂದು ಹೇಳಿ ಅವನು ಪಂಪನಂತೆ ಬಹುವಚನದಲ್ಲಿ ಅಡಗದೆ, ಹಕ್ಕುದಾರನ ಹೆಸರನ್ನು ಸ್ಪಷ್ಟವಾಗಿ ದಾಖಲಿಸಿಬಿಟ್ಟ. ವಿಳಾಸ ಗದಗ ಎಂಬುದೂ ಎಲ್ಲರಿಗೂ ಗೊತ್ತು. ಅಂದಿನಿಂದ ಇಂದಿನವರೆಗೆ ಭಾರತ ವಾಚಿಸಿದ ಗಮಕಿಗಳೆಲ್ಲ ಗದಗಿನ ದೇವಸ್ಥಾನಕ್ಕೆ ಬಾಕಿದಾರರು. ಬಡ್ಡಿ ಮನ್ನಾ ಆದರೂ ಅಸಲು ಉಳಿಯುತ್ತದೆ.