ಮಾಳಿಗೆ ಮೇಲಿನ ಸಾಕ್ಷಿ

ಜುಲೈ 21ನ್ನು ನವಲಗುಂದದವರಿಗೆ ಯಾರೂ ನೆನಪಿಸಬೇಕಾಗಿಲ್ಲ. 1980ರ ಆ ದಿನ ಮಲಪ್ರಭಾ ಅಚ್ಚುಕಟ್ಟಿನ ರೈತರು ಬೀದಿಗಿಳಿದಿದ್ದರು. ನವಲಗುಂದ, ನರಗುಂದ ಎರಡೂ ಕಡೆ ಗೋಲಿಬಾರ್ ಆಯಿತು, ಜೀವ ಹೋದವು. ಜಗಳ ಹತ್ತಿದ್ದು ಬೆಟರ್‌ಮೆಂಟ್ ಲೆವಿ ಎಂಬ ಕರಕ್ಕೆ. ಕಾಲುವೆ ಬಂದಿದೆ, ಹೊಲ ಸುಧಾರಿಸಿದೆ, ರೊಕ್ಕ ಕಟ್ಟಿ ಎಂದಿತು ಸರ್ಕಾರ. ಕಾಲುವೆ ಬಂದಿದೆ, ನೀರೆಲ್ಲಿ ಎಂದರು ಕೊನೆಯ ಹೊಲದವರು. ಕಡತದಲ್ಲಂತೂ ನೀರು ದಂಡೆ ಮೀರಿ ಹರಿದಿತ್ತು.

ದೇಶದ ಮೊದಲ ಪೂರ್ಣ ಪ್ರಮಾಣದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಆಕಾಶಕ್ಕೆ ಹೋದದ್ದು 1988ರಲ್ಲಿ. ಹೊಲಕ್ಕೆ ಕಾಲಿಡದೆ ಹೊಲದ ಹಸಿ ಅಳೆಯುವ ವಿದ್ಯೆಯನ್ನು ನಮ್ಮ ದಫ್ತರಗಳು ಅದಕ್ಕೂ ಎಂಟು ವರ್ಷ ಮೊದಲೇ ನವಲಗುಂದದಲ್ಲಿ ಪ್ರಯೋಗಿಸಿ ಮುಗಿಸಿದ್ದವು. ಇಸ್ರೊ ಈ ಋಣವನ್ನು ಎಲ್ಲೂ ನೆನೆದಂತಿಲ್ಲ.

ಸರಿಯಾಗಿ 43 ವರ್ಷದ ನಂತರ, 2023ರ ಜುಲೈ 21ರಂದೇ, ದಿಲ್ಲಿಯಲ್ಲಿ ಕೇಂದ್ರ ಕೃಷಿ ಸಚಿವರು ಬೆಳೆ ವಿಮೆಗೆಂದು ಹೊಸ ತಾಂತ್ರಿಕ ವ್ಯವಸ್ಥೆಗಳನ್ನು ಬಿಡುಗಡೆ ಮಾಡಿದರು. ಒಂದರ ಹೆಸರು ವಿಂಡ್ಸ್: ಗ್ರಾಮ ಪಂಚಾಯಿತಿಗೊಂದು ಸ್ವಯಂಚಾಲಿತ ಮಳೆ ಮಾಪಕ, ಬ್ಲಾಕಿಗೊಂದು ಹವಾಮಾನ ಕೇಂದ್ರ. ಇನ್ನೊಂದು ಯೆಸ್-ಟೆಕ್: ಉಪಗ್ರಹದ ಚಿತ್ರ ನೋಡಿ ಇಳುವರಿ ಹೇಳುವುದು. ತಾರೀಕು ಆರಿಸಿದವರಿಗೆ ನವಲಗುಂದ ಗೊತ್ತಿರಲಿಲ್ಲ ಎಂದೇ ನಂಬುತ್ತೇನೆ. ಗೊತ್ತಿದ್ದೂ ಆರಿಸಿದ್ದರೆ ಅವರು ನನಗಿಂತ ದೊಡ್ಡ ವ್ಯಂಗ್ಯಗಾರರು. ಈ ಅಂಕಣವನ್ನು ಅವರಿಗೇ ಬಿಟ್ಟುಕೊಡಲು ಸಿದ್ಧನಿದ್ದೇನೆ.

ಪರಿಸರ ಅಳೆಯುವ ಹೊಸ ಯಂತ್ರ ಬಂದಾಗಲೆಲ್ಲ ವಿಚಾರ ಸಂಕಿರಣಗಳಲ್ಲಿ ಒಂದು ಮಾತು ಕೇಳಿಬರುತ್ತದೆ. ಹೊಸ ತಂತ್ರಜ್ಞಾನ ಬೆಳೆಯಬೇಕಾದರೆ ನಿಯಮ ಬಿಗಿಯಾಗಿರಬಾರದು, ಬಳುಕಬೇಕು. ಒಪ್ಪಿದೆ. ಊಟದ ಮೊದಲು ಹೇಳಿದರೂ ಒಪ್ಪಿದೆ, ಊಟದ ನಂತರ ಹೇಳಿದರೆ ಇನ್ನೂ ಒಪ್ಪಿದೆ. ನನ್ನ ತಕರಾರು ಇಷ್ಟೇ: ನಮ್ಮ ನಿಯಮ ಬಳುಕುವುದನ್ನು ಬಹಳ ಹಿಂದೆಯೇ ಕಲಿತಿದೆ. ಆದರೆ ಯಾವಾಗ ನೋಡಿದರೂ ಒಂದೇ ಮಗ್ಗುಲಿಗೆ ಬಳುಕುತ್ತದೆ.

ಮಳೆ ಮಾಪಕವನ್ನೇ ನೋಡಿ. ಕರ್ನಾಟಕಕ್ಕೆ ಅದು ಹೊಸದಲ್ಲ. 1988ರಲ್ಲೇ ಬರದ ಮೇಲೆ ನಿಗಾ ಇಡಲು ಘಟಕ ಕಟ್ಟಿದ ರಾಜ್ಯ ನಮ್ಮದು. ಅದೇ ಬೆಳೆದು ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಯಲಹಂಕದಲ್ಲಿ ಕೂತಿದೆ. ಪಂಚಾಯಿತಿಗೊಂದರಂತೆ ರಾಜ್ಯದ ತುಂಬ ಆರು ಸಾವಿರಕ್ಕೂ ಹೆಚ್ಚು ಮಾಪಕಗಳು, 15 ನಿಮಿಷಕ್ಕೊಮ್ಮೆ ಸುದ್ದಿ. ಕುಂದಗೋಳದಲ್ಲಿ ಹನಿ ಬಿದ್ದದ್ದು ಮೊದಲು ಯಲಹಂಕಕ್ಕೆ ಗೊತ್ತಾಗುತ್ತದೆ, ಆಮೇಲೆ ಕುಂದಗೋಳದವರು ಅಂಗಳದ ಕುಳ್ಳು ಎತ್ತಿ ಒಳಗಿಡುತ್ತಾರೆ. ಇದು ಹಂಗಿಸುವ ಮಾತಲ್ಲ, ಹೆಮ್ಮೆಯ ಮಾತೇ.

ಯಂತ್ರವೂ ಸಾಧುಪ್ರಾಣಿ. ಪಂಚಾಯಿತಿ ಮಾಳಿಗೆಯ ಮೇಲೆ ಒಂದು ಡಬ್ಬಿ, ಪಕ್ಕಕ್ಕೆ ಸೋಲಾರ್ ಪ್ಲೇಟು, ಸುತ್ತ ತಂತಿ ಬೇಲಿ. ಡಬ್ಬಿಯ ಬಾಯಿಗೆ ಲಾಳಿಕೆ. ಒಳಗೆ ಮಕ್ಕಳ ಏರುಪೇರು ಹಲಗೆಯ ಹಾಗೆ ಎರಡು ಪುಟ್ಟ ಬಟ್ಟಲು. ಒಂದು ತುಂಬಿದರೆ ಬಾಗಿ ಚೆಲ್ಲುತ್ತದೆ, ಇನ್ನೊಂದು ಮೇಲೆದ್ದು ಬಾಯಿ ತೆರೆಯುತ್ತದೆ. ಒಂದು ಸಲ ಬಾಗಿದರೆ ಮಿಲಿಮೀಟರಿನ ಒಂದು ಚೂರು ಮಳೆ ಎಂದು ಲೆಕ್ಕ. ಟಕ್, ಟಕ್. ಲಾಳಿಕೆಯ ತೂತಿಗೆ ಒಂದು ಬೇವಿನ ಎಲೆ ಅಡ್ಡ ಬಿದ್ದರೆ ಟಕ್ ಇಲ್ಲ. ಗುಬ್ಬಿ ಗೂಡು ಕಟ್ಟಿದರೆ ಅದರ ಬಾಣಂತನ ಮುಗಿಯುವ ತನಕ ಆ ಪಂಚಾಯಿತಿಗೆ ಮಳೆಗಾಲವಿಲ್ಲ.

ಇಂಥ ಡಬ್ಬಿಯ ಮೇಲೆ ಕೂತಿರುವುದು ಹವಾಮಾನ ಆಧಾರಿತ ಬೆಳೆ ವಿಮೆ. ಕಲಘಟಗಿ ಕಡೆಯ ಮಾವಿನ ತೋಟದವರನ್ನು ಕೇಳಿದರೆ ಸವಿಸ್ತಾರವಾಗಿ ಹೇಳುತ್ತಾರೆ. ಇದರಲ್ಲಿ ತೋಟಕ್ಕೆ ಯಾರೂ ಬರುವುದಿಲ್ಲ, ಹೂವು ಉದುರಿತೋ ಕಾಯಿ ಕೊಳೆಯಿತೋ ನೋಡುವುದಿಲ್ಲ. ಹವಾಮಾನ ಕೇಂದ್ರದ ಅಂಕಿ ಇಂತಿಷ್ಟು ದಾಟಿದರೆ ಪರಿಹಾರ, ದಾಟದಿದ್ದರೆ ನಮಸ್ಕಾರ. ಯಂತ್ರ ಕೆಟ್ಟು ಕೂತಿದ್ದರೆ? ನಿಯಮ ಅದನ್ನೂ ಯೋಚಿಸಿದೆ: ಬದಲಿ ಕೇಂದ್ರದ ಅಂಕಿ. ಅಂದರೆ ಬೇರೆ ಊರಿನ ಮಳೆಯನ್ನು ನಿಮ್ಮ ಮಳೆ ಎಂದು ಬರೆದುಕೊಳ್ಳುವುದು. ನಮ್ಮ ಹುಬ್ಬಿ ಮಳೆ ಎತ್ತಿನ ಒಂದು ಕೋಡು ತೋಯಿಸಿ ಇನ್ನೊಂದನ್ನು ಒಣಾ ಬಿಡುವಂಥದ್ದು ಎಂಬುದು ನಿಯಮ ಬರೆದವರಿಗೆ ಯಾರೂ ಹೇಳಿರಲಿಕ್ಕಿಲ್ಲ.

ಪಂಚಾಯಿತಿ ಕಟ್ಟೆಯ ಮೇಲೆ ಕಾಕಾ ಒಬ್ಬರು, ಯಂತ್ರ ನೋಡಲು ಬಂದಿದ್ದ ಹುಡುಗ ಎಂಜಿನಿಯರನನ್ನು ನಿಲ್ಲಿಸಿ ಕೇಳಿದರು.

‘ತಮ್ಮಾ, ಬೆಳಿ ನೀರಾಗ ನಿಂತು ಕೊಳತರ ನಾವು ಎಷ್ಟು ತಾಸಿನಾಗ ತಿಳಸಬೇಕು?’

‘72 ತಾಸಿನಾಗ್ರಿ ಕಾಕಾ. ತಡಾ ಆದ್ರ ಅರ್ಜಿ ತಗೊಳ್ಳೂದುಲ್ರಿ.’

‘ಮತ್ತ ಈ ಮಷೀನ್ ಸತ್ರ ಅದು ಎಷ್ಟು ತಾಸಿನಾಗ ತಿಳಸಬೇಕು?’

ಹುಡುಗ ಒಳ್ಳೆಯವನು. ನಕ್ಕ. ಅದಕ್ಕೆ ನಿಯಮ ಹುಡುಕಬೇಕು ಎಂದ.

ಇನ್ನು ನಿಯಮದ ಬಳುಕು ನೋಡಲು ಕಾರ್ಖಾನೆಯ ಕಡೆ ಹೋಗೋಣ. ಸಕ್ಕರೆ, ಡಿಸ್ಟಿಲರಿ, ಸಿಮೆಂಟ್ ಮೊದಲಾದ 17 ಬಗೆಯ ಹೆಚ್ಚು ಮಾಲಿನ್ಯದ ಉದ್ಯಮಗಳು ಚಿಮಣಿಗೂ ಚರಂಡಿಗೂ ಆನ್‌ಲೈನ್ ಮಾಪಕ ಹಚ್ಚಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಆದೇಶಿಸಿತು. ಹಗಲು ರಾತ್ರಿ ಅಂಕಿ ಕಳಿಸುವ ಯಂತ್ರ. ಕೊಳ್ಳುವವರು ಕಾರ್ಖಾನೆಯವರೇ, ರಿಪೇರಿ ಮಾಡಿಸುವವರೂ ಅವರೇ, ಸರಿಯಾಗಿ ಅಳೆಯುತ್ತಿದೆಯೇ ಎಂದು ತಿದ್ದಿಸುವವರೂ ಅವರೇ. ಪರೀಕ್ಷೆ ಬರೆಯುವ ಹುಡುಗನೇ ಪೇಪರು ತಿದ್ದುವ ಪೆನ್ನನ್ನೂ ತರುವ ಪದ್ಧತಿ ನಮ್ಮ ಶಾಲೆಗಳಿಗೆ ಇನ್ನೂ ಬಂದಿಲ್ಲ.

ಇರಲಿ. ಆ ಯಂತ್ರ ಒಂದು ರಾತ್ರಿ, ಚರಂಡಿಯಲ್ಲಿ ವಿಷ ಹೋಗುತ್ತಿದೆ ಎಂದು ಕೂಗಿಕೊಂಡಿತೆನ್ನಿ. ನೋಟಿಸು ಹೋಗಬಹುದು. ಆದರೆ ಸಾಕ್ಷಿಯ ಮಾತು ಬಂದರೆ 1974ರ ನೀರು ಕಾಯ್ದೆಯ 21ನೇ ಕಲಂ ಬೇರೆಯೇ ಲೋಕದಲ್ಲಿದೆ. ಅಧಿಕಾರಿ ಖುದ್ದು ಹೋಗಬೇಕು. ಮಾಲೀಕರಿಗೆ ಅಲ್ಲೇ ನೋಟಿಸು ಕೊಡಬೇಕು. ಅವರ ಎದುರಿಗೇ ಮಾದರಿಯನ್ನು ಎರಡು ಪಾಲು ಮಾಡಬೇಕು, ಎರಡನ್ನೂ ಡಬ್ಬಿಗೆ ಹಾಕಿ ಗುರುತು ಮಾಡಿ ಸೀಲು ಒತ್ತಬೇಕು, ಇಬ್ಬರೂ ಸಹಿ ಹಾಕಬೇಕು. ಇದರಲ್ಲಿ ಒಂದು ತಪ್ಪಿದರೂ ಆ ಪರೀಕ್ಷೆಯ ಫಲಿತಾಂಶ ಯಾವ ನ್ಯಾಯಾಲಯದಲ್ಲೂ ನಡೆಯುವುದಿಲ್ಲ. ನಮ್ಮ ಕಡೆ ಬೀಗರನ್ನೂ ಇಷ್ಟು ಮರ್ಯಾದೆಯಿಂದ ಎದುರುಗೊಳ್ಳುವುದಿಲ್ಲ. ಅಷ್ಟರಲ್ಲಿ ಚರಂಡಿಯ ನೀರು ಹಳ್ಳ ಸೇರಿ, ಹಳ್ಳ ಹೊಳೆ ಸೇರಿರುತ್ತದೆ. ಹೊಳೆಗೆ ಸಹಿ ಹಾಕಲು ಬರುವುದಿಲ್ಲ.

ನಿಯಮ ಮಾಡಿದ್ದು ಸುಳ್ಳು ಕೇಸು ಹಾಕಬಾರದೆಂದು. ಅದು ನ್ಯಾಯವೇ. ಆದರೆ ಎರಡು ಯಂತ್ರಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿ. ಕಾರ್ಖಾನೆಯ ಯಂತ್ರ ನೋಡಿದ್ದನ್ನು ಹೇಳಿದರೆ, ‘ನಿನ್ನ ಮಾತು ಸಾಕ್ಷಿಯಾಗುವುದಿಲ್ಲ, ಸುಮ್ಮನಿರು’. ಪಂಚಾಯಿತಿ ಮಾಳಿಗೆಯ ಯಂತ್ರ ಎಲೆ ನುಂಗಿ ಸುಮ್ಮನೆ ಕೂತರೆ, ಆ ಮೌನವೇ ಅಂತಿಮ ತೀರ್ಪು. ಎರಡೂ ಆಧುನಿಕ ತಂತ್ರಜ್ಞಾನ, ಎರಡೂ ದೂರಕ್ಕೆ ಅಂಕಿ ಕಳಿಸುವಂಥವು. ಒಂದಕ್ಕೆ ನಾಲಿಗೆ ಕತ್ತರಿಸಿದ್ದಾರೆ, ಇನ್ನೊಂದಕ್ಕೆ ನ್ಯಾಯಾಧೀಶರ ಕುರ್ಚಿ ಕೊಟ್ಟಿದ್ದಾರೆ.

ಇದರ ಮೇಲೆ 2023ರಲ್ಲಿ ಜನ್ ವಿಶ್ವಾಸ್ ಕಾಯ್ದೆ ಬಂತು. ವಾಯು ಕಾಯ್ದೆಯ ಹಲವು ತಪ್ಪುಗಳಿಗಿದ್ದ ಜೈಲು ಹೋಗಿ 10 ಸಾವಿರದಿಂದ 15 ಲಕ್ಷ ರೂಪಾಯಿ ತನಕ ದಂಡ ಬಂತು. ಯಾವ ಜನರ ಮೇಲೆ ವಿಶ್ವಾಸ ಎಂದು ಹೊಗೆ ಕುಡಿಯುವವರು ಕೇಳಬಾರದು. ಅವರ ಮೇಲಿನ ವಿಶ್ವಾಸಕ್ಕೆ ಬೇರೆ ಪದ್ಧತಿಯಿದೆ. ಜಲ ಜೀವನ್ ಮಿಷನ್‌ನಲ್ಲಿ ಊರಿಗೆ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಿ ಕಿಟ್ ಕೊಡಬೇಕೆಂದಿದೆ. ಬಾಟಲಿಗೆ ನೀರು ತುಂಬಿಟ್ಟು ಒಂದೆರಡು ದಿನದಲ್ಲಿ ಅದು ಕಪ್ಪಾದರೆ ಹೊಲಸು ಬೆರೆತಿದೆ ಎಂದರ್ಥ. ಕೆರೆ ನೀರು ಕುಡಿಯುವ ಊರಿನಲ್ಲಿ ಅಕ್ಕ ಒಬ್ಬಳು ಕಪ್ಪು ಬಾಟಲಿ ಹಿಡಿದು ನಿಂತರೆ ಅದು ಪ್ರಾಥಮಿಕ ಪರೀಕ್ಷೆ. ಲ್ಯಾಬು ಹೌದೆನ್ನುವ ತನಕ ಕಾಯಬೇಕು. ಹೊಟ್ಟೆಗೆ ಮಾತ್ರ ಪ್ರಾಥಮಿಕ, ಅಂತಿಮ ಎಂಬ ಭೇದ ಗೊತ್ತಿಲ್ಲ.

ಉಪಗ್ರಹದ ಮಾತು ಬಿಟ್ಟರೆ ಅದಕ್ಕೆ ಅವಮಾನ. 2016ರ ಬರ ಕೈಪಿಡಿಯ ಪ್ರಕಾರ ಬರ ಬರಬೇಕಾದರೆ ಮಳೆ ಕೈಕೊಟ್ಟರೆ ಸಾಲದು; ತೇವಾಂಶ, ಬಿತ್ತನೆ, ಮೇಲಿನಿಂದ ಕಾಣುವ ಹಸಿರು, ಇಂಥ ಹಲವರ ಒಪ್ಪಿಗೆಯೂ ಬೇಕು. 2023ರಲ್ಲಿ ರಾಜ್ಯ ಸೆಪ್ಟೆಂಬರಿನಲ್ಲಿ 195 ತಾಲ್ಲೂಕುಗಳಿಗೆ ಬರ ಎಂದಿತು. ಇನ್ನು ಕೆಲವು ತಾಲ್ಲೂಕುಗಳು ಬರದ ಅರ್ಹತೆಯನ್ನು ತಡವಾಗಿ ಪಡೆದವು. ಕೊನೆಗೆ 236ರಲ್ಲಿ 223. ಆ ವರ್ಷವೇ ‘ಹಸಿರು ಬರ’ ಎಂಬ ಮಾತು ವಿಧಾನಸೌಧದಿಂದ ದಿಲ್ಲಿಗೆ ಹೋಯಿತು: ಎಲೆ ಹಸಿರಿದೆ, ಕಾಳಿಲ್ಲ. ಎರಿ ಹೊಲದ ಹೆಸರು ಬೆಳೆ ಕಾಯಿ ಕಟ್ಟದೆ ಹಸಿರಾಗಿ ನಿಂತರೆ ಆಕಾಶಕ್ಕೆ ಅದು ಸಮೃದ್ಧಿ. ಒಡ್ಡಿನ ಮೇಲಿನ ಬಳ್ಳಾರಿ ಜಾಲಿ ಎಂಥ ಬರದಲ್ಲೂ ಹಸಿರು. ನಮ್ಮ ಕಡೆ ಉಪಗ್ರಹದ ಮನಸ್ಸು ಗೆದ್ದ ಏಕೈಕ ಪ್ರಗತಿಪರ ಅದೇ. ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಹಿಂಗಾರಿಯ ಕಡ್ಲಿ ಕೂಡ ಅಷ್ಟರಲ್ಲಿ ರಾಶಿಯಾಗಿ ಹೋಗಿತ್ತು, ಇದ್ದವರದ್ದು.

ಆದ್ದರಿಂದ ನನ್ನದೊಂದು ಬಳುಕುವ ಸಲಹೆ. ಒಂದೇ ಒಂದು ಹಂಗಾಮಿಗೆ ಎರಡು ಯಂತ್ರಗಳ ಕಾನೂನು ಅದಲುಬದಲು ಮಾಡಿ. ಹೊಸ ತಂತ್ರಜ್ಞಾನಕ್ಕೆ ಇದಕ್ಕಿಂತ ದೊಡ್ಡ ಪ್ರೋತ್ಸಾಹವಿಲ್ಲ.

ಮಳೆ ಬಂತೋ ಇಲ್ಲವೋ ಎಂದು ತೀರ್ಮಾನಿಸಲು ವಿಮಾ ಕಂಪನಿಯ ಸಾಹೇಬರು ಖುದ್ದು ಅಣ್ಣಿಗೇರಿಯ ಹೊಲಕ್ಕೆ ಬರಲಿ. ಕೆಸರಿನಲ್ಲಿ ಬೂಟು ಕಳೆದುಕೊಳ್ಳಲಿ. ಎರಿ ಮಣ್ಣು ಯಾವ ಬೂಟನ್ನೂ ಬಿಟ್ಟುಕೊಟ್ಟ ದಾಖಲೆಯಿಲ್ಲ. ರೈತನಿಗೆ ಅಲ್ಲೇ ನೋಟಿಸು ಕೊಡಲಿ. ಅವನೆದುರಿಗೇ ಮಳೆಯನ್ನು ಎರಡು ಬಾಟಲಿಗೆ ತುಂಬಿ ಸೀಲು ಒತ್ತಲಿ, ಇಬ್ಬರೂ ಸಹಿ ಹಾಕಲಿ. ಒಂದು ತಪ್ಪಿದರೂ ‘ಮಳೆ ಸಾಕಷ್ಟಾಗಿದೆ’ ಎಂಬ ಮಾತು ಯಾವ ದಫ್ತರದಲ್ಲೂ ನಡೆಯಕೂಡದು.

ಕಾರ್ಖಾನೆಯ ಕಡೆ ಇದರ ಉಲ್ಟಾ. ಯಾರೂ ಹೋಗುವುದು ಬೇಡ, ನೋಡುವುದು ಬೇಡ. ಚಿಮಣಿಯ ಅಂಕಿ ಮಿತಿ ದಾಟಿತೋ, ಖಾತೆಯಿಂದ ದಂಡ ತಾನೇ ಕಟ್ ಆಗಲಿ. ಯಂತ್ರ ಕೆಟ್ಟಿದೆ ಎಂದರೆ ಚಿಂತೆಯಿಲ್ಲ, ಬದಲಿ ಚಿಮಣಿಯ ಅಂಕಿ ಹಿಡಿಯೋಣ: ಪಕ್ಕದ ಕಾರ್ಖಾನೆಯ ಹೊಗೆಯನ್ನು ನಿಮ್ಮ ಹೊಗೆ ಎಂದು ಬರೆದುಕೊಳ್ಳೋಣ. ತಕರಾರಿದ್ದರೆ 72 ತಾಸಿನಲ್ಲಿ ತಿಳಿಸಬಹುದು. ಫೋನ್ ಎತ್ತುವವರು ಸಿಕ್ಕರೆ.

ಹುಬ್ಬಳ್ಳಿಯ ಉದ್ಯಮಿ ಗೆಳೆಯರೊಬ್ಬರಿಗೆ ಈ ಯೋಜನೆ ವಿವರಿಸಿದಾಗ ಅವರ ಮುಖ ಬಿಳಿಚಿಕೊಂಡಿತು. ‘ಪಕ್ಕದವನ ಹೊಗೀಗೆ ನಾ ಯಾಕ್ರಿ ದಂಡ ಕಟ್ಟಲಿ? ಹಿಂಗ ಮಾಡಿದ್ರ ನಾವು ಫ್ಯಾಕ್ಟರಿ ಎತಗೊಂಡು ಗುಜರಾತಿಗೆ ಹೊಂಟ್ವಿ ನೋಡ್ರಿ’ ಎಂದರು.

ಈ ಮಾತು ಕಟ್ಟೆಗೆ ಮುಟ್ಟಿಸಿದೆ. ಕಾಕಾ ತಂಬಾಕು ತಿಕ್ಕುತ್ತ ಸ್ವಲ್ಪ ಹೊತ್ತು ಹೊಲದ ದಿಕ್ಕಿಗೆ ನೋಡಿದರು.

‘ಎರಿ ಹೊಲಕ್ಕ ಗಾಲಿ ಹಚ್ಚಾಕ ಎಷ್ಟು ಖರ್ಚು ಬರತೈತಿ, ಸಾಹೇಬ್ರನ್ನ ಕೇಳಿ ಬರ್ರಿ’ ಎಂದರು.