ಡಿಗ್ರಿ ಭಾವ

ಕಂಪ್ಯೂಟರ್ ಇಟ್ಟುಕೊಂಡವರಲ್ಲಿ ಒಂದು ಪಂಗಡವಿದೆ. ಇವರು ಅದರಲ್ಲಿ ಕೆಲಸ ಮಾಡುವುದಿಲ್ಲ, ಅದರ ಶಾಖ ನೋಡುತ್ತಾರೆ. ಪ್ರೊಸೆಸರಿನ ಡಿಗ್ರಿ ತೋರಿಸುವ ಪುಟ್ಟ ತಂತ್ರಾಂಶವೊಂದನ್ನು ಪರದೆಯ ಮೂಲೆಗೆ ಹಾಕಿಕೊಂಡು, ಒಲೆಯ ಮೇಲಿನ ಹಾಲು ಕಾಯುವವರ ಹಾಗೆ ಕೂತಿರುತ್ತಾರೆ. ಇವರ ಡ್ರಾದಲ್ಲಿ ಪೆನ್ ಸಿಗದಿದ್ದರೂ ಥರ್ಮಲ್ ಪೇಸ್ಟ್ ಸಿಗುತ್ತದೆ.

ನನ್ನ ಪಾಲಿಗೆ ಬಂದವರು ಅಕ್ಕನ ಗಂಡ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆ ಸುತ್ತಿ, ಬಿಡಿಭಾಗ ತಂದು ತಾವೇ ಜೋಡಿಸಿದರು. ಅಲ್ಲಿಗೆ ನನ್ನ ಸಂಜೆಗಳು ಮುಗಿದವು.

"ಎಂಬತ್ತೆರಡು ಕಣೋ!"

"ಏನು ಮಾಡ್ತಿದ್ರಿ ಭಾವ?"

"ನಾನೇನೂ ಮಾಡಿಲ್ಲಪ್ಪ, ಮದುವೆ ವಿಡಿಯೊ ಕನ್ವರ್ಟ್ ಆಗ್ತಿದೆ."

ದುಡಿಯುವಾಗ ಎಂಬತ್ತೆರಡು ಸಹಜ. ಇಂಟೆಲ್‌ನ ಹೆಚ್ಚಿನ ಚಿಪ್‌ಗಳ ಮಿತಿ 100ರ ಆಸುಪಾಸು. ಅಲ್ಲಿಗೆ ಮುಟ್ಟಿದರೆ ಚಿಪ್ ತಾನೇ ವೇಗ ತಗ್ಗಿಸುತ್ತದೆ, ಆಗಲೂ ಏರಿದರೆ ತಾನೇ ಆಫ್ ಆಗುತ್ತದೆ ಎಂದು ಪಾರಾಯಣ ಮಾಡಿದೆ. ಒಳಗಿನ ಸೆನ್ಸರ್ ಹೇಳುವುದು ಮಿತಿಗೆ ಇನ್ನೆಷ್ಟು ಡಿಗ್ರಿ ಬಾಕಿ ಎಂಬುದನ್ನಷ್ಟೆ, ತಂತ್ರಾಂಶ ಅದನ್ನು ಕಳೆದು ತೋರಿಸುತ್ತದೆ, ಹಾಗಾಗಿ ಕಡಿಮೆ ಡಿಗ್ರಿಯ ಅಂಕಿಗಳು ಅಂದಾಜು ಎಂದೂ ಸೇರಿಸಿದೆ. ಸೇರಿಸಬಾರದಿತ್ತು. 2017ರ ಎಎಂಡಿ ರೈಜನ್ 1800ಎಕ್ಸ್ ನಿಜವಾದ ಶಾಖಕ್ಕೆ 20 ಡಿಗ್ರಿ ಕೂಡಿಸಿ ವರದಿ ಮಾಡುತ್ತಿತ್ತು ಎಂದು ತಿಳಿದ ದಿನವಂತೂ ಭಾವ ಕೆಂಡವಾದರು: "ನಾವು ಹೀಗೆ ಲೆಡ್ಜರ್ ಬರೆದಿದ್ರೆ ಸಸ್ಪೆಂಡ್ ಮಾಡೋರು!"

ಒಂದು ರಾತ್ರಿ ಮಾತ್ರ ಫೋನಿನಲ್ಲಿ ಸ್ವರವೇ ಬೇರೆ. "ನೂರಾ ಇಪ್ಪತ್ತೇಳು!" ಮೇನ್ ಸ್ವಿಚ್ ತೆಗೆದು, ಅಕ್ಕನನ್ನು ನೈಟಿಯಲ್ಲೇ ಗೇಟಿನಾಚೆ ನಿಲ್ಲಿಸಿ, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡಿದ್ದರು. ಓಡಿಹೋಗಿ, ಬೈಸಿಕೊಂಡು, ಮತ್ತೆ ಆನ್ ಮಾಡಿದೆ. ಪ್ರೊಸೆಸರಿನ ಕೋರ್‌ಗಳ ಮುಂದೆ 41, 43. ಆ 127 ಇದ್ದದ್ದು ಮದರ್‌ಬೋರ್ಡಿನ ಇನ್ಯಾವುದೋ ಸಾಲಿನಲ್ಲಿ. ಅಲ್ಲಿಗೆ ಸೆನ್ಸರನ್ನೇ ಜೋಡಿಸಿರುವುದಿಲ್ಲ, ಖಾಲಿ ಜಾಗ ಓದಿದಾಗ ಇಂಥ ಅಂಕಿ ಬರುವುದುಂಟು ಎಂದೆ.

"ಇಲ್ಲದ್ದಕ್ಕೆ ಜ್ವರ ಹೆಂಗೋ ಬರತ್ತೆ?"

ಅಕ್ಕ ಗೇಟಿನಿಂದಲೇ ಅಂದಳು, "ಇವರಿಗೆ ಬರಲ್ವಾ, ಹಂಗೆ."

ಉತ್ತರ ನನಗೆ ತೃಪ್ತಿ ಕೊಟ್ಟಿತು. ಭಾವ ಸೊಳ್ಳೆ ಹೊಡೆಯುತ್ತ ಸುಮ್ಮನಿದ್ದರು. ಮರುದಿನ ಆ ಸಾಲಿನ ಮೇಲೆ ಕಾಗದದ ಚೂರು ಅಂಟಿಸಿದ್ದರು, ಪರದೆಯ ಗಾಜಿಗೇ.

ಮೊನ್ನೆ ಅಕ್ಕನಿಗೆ ನಿಜವಾದ ಜ್ವರ ಬಂತು, ನೂರ ಎರಡು. "ಮಿತಿ ದಾಟಿದ್ದೀಯ, ಆಫ್ ಆಗು" ಎಂದು ಮಲಗಿಸಿ, ರಾತ್ರಿಯೆಲ್ಲ ಹಣೆಗೆ ಒದ್ದೆಬಟ್ಟೆ ಹಾಕಿದ್ದಾರೆ. ಗಂಟೆಗೊಂದು ರೀಡಿಂಗನ್ನು ಕಂಪ್ಯೂಟರಿನ ಡಿಗ್ರಿ ಬರೆದಿಡುವ ನೋಟ್‌ಬುಕ್ಕಿನಲ್ಲೇ, ಕೋರ್‌ಗಳ ಅಂಕಿಗಳ ಪಕ್ಕದಲ್ಲೊಂದು ಗೆರೆ ಎಳೆದು ಬರೆದಿದ್ದಾರೆ. ಆ ಅಕ್ಷರ ನೋಡಿದ ಮೇಲೆ ಫೋನ್ ಕತ್ತರಿಸುವುದು ಸ್ವಲ್ಪ ಕಷ್ಟವಾಗಿದೆ.

ಓದುಗರೇ, ಕೆಲಸದ ಹೊತ್ತಿನಲ್ಲಿ 90ರ ಒಳಗಿದ್ದರೆ ಆ ತಂತ್ರಾಂಶ ಮುಚ್ಚಿಡಿ. ಸುಮ್ಮನಿದ್ದಾಗಲೇ 80 ದಾಟುತ್ತಿದ್ದರೆ ಫ್ಯಾನಿನ ಧೂಳು ತೆಗೆಯಿರಿ. ಆಗಲೂ ಇಳಿಯದಿದ್ದರೆ ಭಾವನ ನಂಬರ್ ಕೊಡುತ್ತೇನೆ, ಸಂಜೆ ಏಳರ ಮೇಲೆ ಮಾಡಿ. ನನಗೂ ಒಂದಿಷ್ಟು ಬಿಡುವು ಸಿಗಲಿ.