ಕೆಂಪು ಪೆನ್ನಿಗೂ ಡಿಗ್ರಿ

ಹೆಡ್‌ಮಾಸ್ಟರ್: ಏನು ಮೇಡಂ, ನೌಕರಿ ಮಾಡ್ತಾನೇ ಮೌಲ್ಯಮಾಪನದಲ್ಲಿ ಎಂ.ಎ. ಅಂತೆ? ಕೆಂಪು ಪೆನ್ನು ಹಿಡಿಯೋಕೂ ಡಿಗ್ರಿ ಬೇಕೇ?

ಮೇಡಂ: ಹಿಡಿಯೋಕಲ್ಲ ಸರ್, ಅದು ಏನನ್ನು ಅಳೀತಿದೆ ಅಂತ ತಿಳಿಯೋಕೆ. 2024ರ ಎಸ್ಸೆಸ್ಸೆಲ್ಸಿಯನ್ನೇ ನೋಡಿ. ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, ಫಲಿತಾಂಶ ಶೇ. 83.89ರಿಂದ 73.40ಕ್ಕೆ ಇಳೀತು. ಅದೂ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೆ! ಒಂದೇ ವರ್ಷದಲ್ಲಿ ಮಕ್ಕಳೆಲ್ಲ ದಡ್ಡರಾದರೇ? ಇಲ್ಲಾ, ಹಿಂದಿನ ಅಂಕಗಳು ಕಲಿಕೆಯ ಜೊತೆ ಮೇಲ್ವಿಚಾರಕರ ಕರುಣೆಯನ್ನೂ ಅಳೀತಿದ್ದವೇ?

ಹೆಡ್‌ಮಾಸ್ಟರ್: ಅದನ್ನ ಪರೀಕ್ಷಾ ಮಂಡಳಿ ನೋಡಿಕೊಳ್ಳುತ್ತೆ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಇದರ ಮಧ್ಯೆ ಪುರಸೊತ್ತೆಲ್ಲಿದೆ? ರಜೆ ಹಾಕಿ ಓದಿ.

ಮೇಡಂ: ರಜೆ ಹಾಕಿದರೆ ತರಗತಿಯೇ ಕೈತಪ್ಪುತ್ತಲ್ಲ! ಒಂದು ಪ್ರಶ್ನೆಗೆ ಜಾಣರೇ ತಪ್ಪು ಬರೆದು ಉಳಿದವರು ಸರಿ ಬರೆದರೆ, ದೋಷ ಬಹುಶಃ ಪ್ರಶ್ನೆಯದು. ತರಗತಿ ಕೈಲಿದ್ದರೆ, ರಾತ್ರಿ ಓದಿದ ಇಂಥ ಮಾತನ್ನ ಬೆಳಗ್ಗೆಯೇ ಕಿರುಪರೀಕ್ಷೆಯಲ್ಲಿ ಪರೀಕ್ಷಿಸಬಹುದು. ನಿರಂತರ, ವ್ಯಾಪಕ ಮೌಲ್ಯಮಾಪನ ಮಾಡಿ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. ಹೇಗೆ ಅಂತ ಕಲಿಯದ ನಾವು ಕಾಲಂ ತುಂಬಿದೆವು. ನಿರಂತರವಾಗಿ, ವ್ಯಾಪಕವಾಗಿ.

ಹೆಡ್‌ಮಾಸ್ಟರ್: ಬಡ್ತಿಗೋಸ್ಕರ ಓದೋರೇ ಜಾಸ್ತಿ ಬಿಡಿ.

ಮೇಡಂ: ಇದ್ದಾರೆ, ಒಪ್ಪಿದೆ. ಕಂಠಪಾಠದ ಪರೀಕ್ಷೆ ಯಾಕೆ ಸಾಲದು ಅನ್ನೋದನ್ನ ಮೂರು ಗಂಟೆ ಕಂಠಪಾಠದ ಪರೀಕ್ಷೆಯಲ್ಲೇ ಬರೆಸಿದರೆ ಅಂಥವರಿಗೆ ಹಬ್ಬ. ಅದರ ಬದಲು ತಮ್ಮದೇ ತರಗತಿಗೆ ಮಾಡಿದ ಪ್ರಶ್ನೆಪತ್ರಿಕೆ, ಅದರ ವಿಶ್ಲೇಷಣೆ, ಆಮೇಲೆ ತಿದ್ದಿದ ಪಾಠ, ಇವಕ್ಕೆ ಕೋರ್ಸಿನಲ್ಲಿ ಅಂಕ ಕೊಡಲಿ. ಬಡ್ತಿಗೆ ಬಂದವರೂ ಕೆಲಸ ಕಲಿತೇ ಹೋಗಬೇಕಾಗುತ್ತೆ.

ಹೆಡ್‌ಮಾಸ್ಟರ್: (ಬಹಳ ಹೊತ್ತು ಯೋಚಿಸಿ) ಅದೆಲ್ಲ ಸರಿ ಮೇಡಂ. ಆ ಕೋರ್ಸಿನ ಪಾಸ್ ಪರ್ಸೆಂಟೇಜ್ ಎಷ್ಟು?